ಕವಿತೆ ಯಾರ ಕೈ ಸೇರಿತು: ಕಪ್ಪು ಕಾವ್ಯ ಮತ್ತು ಚಳವಳಿಗಳ ಬಗ್ಗೆ ಒಂದು ಉತ್ತರ

ಪ್ರಶ್ನೆ: ನಾನು ಇಂಗ್ಲಿಷ್ ಸಾಹಿತ್ಯದ ಎಂ.ಎ. ವಿದ್ಯಾರ್ಥಿನಿ. ಅಮೆರಿಕದ ಕಪ್ಪು ಜನರ ಕಾವ್ಯ ಅಲ್ಲಿನ ಸಾಮಾಜಿಕ ಬದಲಾವಣೆಗೆ ಕಾರಣವಾಯಿತೆಂದು ನಮ್ಮ ಪಠ್ಯಗಳೆಲ್ಲ ಹೇಳುತ್ತವೆ. ಹೇಗೆ ಎಂಬುದನ್ನು ಮಾತ್ರ ವಿವರಿಸುವುದಿಲ್ಲ. ಒಂದು ಕವಿತೆಯಿಂದ ನಿಜವಾಗಿ ಬದಲಾಗುವುದೇನು? ಇಂಥ ಕಾವ್ಯದಲ್ಲಿ ಕವಿತೆ ಯಾವುದು, ಘೋಷಣೆ ಯಾವುದು ಎಂದು ಗುರುತಿಸುವುದು ಹೇಗೆ? ನಮ್ಮ ದಲಿತ ಕಾವ್ಯಕ್ಕೂ ಇದಕ್ಕೂ ಸಂಬಂಧವಿದೆಯೇ?

ಉತ್ತರ: ಒಂದು ಕವಿತೆಯಿಂದ ಒಂದು ಕಾಯ್ದೆ ಬದಲಾಯಿತೆಂದು ದಾಖಲೆ ಸಮೇತ ತೋರಿಸಲು ಹೊರಟರೆ ಕೈಗೆ ಹೆಚ್ಚೇನೂ ಸಿಗುವುದಿಲ್ಲ. 1964ರ ನಾಗರಿಕ ಹಕ್ಕುಗಳ ಕಾಯ್ದೆ ಮತ್ತು 1965ರ ಮತದಾನದ ಹಕ್ಕುಗಳ ಕಾಯ್ದೆಯ ಹಿಂದೆ ಇದ್ದದ್ದು ದಶಕಗಳ ನ್ಯಾಯಾಲಯದ ಹೋರಾಟ, ಬಸ್ ಬಹಿಷ್ಕಾರ, ಹೋಟೆಲುಗಳಲ್ಲಿ ಕುಳಿತು ಮಾಡಿದ ಧರಣಿ, ಜೈಲುವಾಸ, ಮತ್ತು ಪ್ರಾಣ ಕೊಟ್ಟ ಜನ. ಆದರೆ ಆ ಜನ ಒಬ್ಬರನ್ನೊಬ್ಬರು ಗುರುತಿಸಿ ‘ನಾವು’ ಎಂದುಕೊಂಡದ್ದು ಹೇಗೆ, ಸತ್ತವರ ನೆನಪು ಮುಂದಿನ ತಲೆಮಾರಿಗೆ ದಾಟಿದ್ದು ಹೇಗೆ, ಸರ್ಕಾರವೂ ದೊಡ್ಡ ಪತ್ರಿಕೆಗಳೂ ಒಂದು ಘಟನೆಯನ್ನು ಬರೀ ಗಲಭೆ ಎಂದು ಬರೆದಾಗ ಅದನ್ನು ಅನುಭವಿಸಿದವರ ಮಾತು ಎಲ್ಲಿ ಉಳಿಯಿತು ಎಂದು ಕೇಳಿದರೆ, ಕಾವ್ಯ ಎದುರಿಗೆ ಬಂದು ನಿಲ್ಲುತ್ತದೆ. ಆದ್ದರಿಂದ ಕವಿತೆ ಏನು ಹೇಳುತ್ತದೆ ಎಂಬುದರ ಜೊತೆಗೆ ಅದು ಯಾವ ದಾರಿಯಿಂದ ಯಾರ ಕೈ ಸೇರಿತು ಎಂಬುದನ್ನೂ ಹುಡುಕಿರಿ. ಅಚ್ಚು ಮಾಡಿದವರು ಯಾರು, ಜನ ಅದನ್ನು ಎಲ್ಲಿ ನಿಂತು ಓದಿದರು, ಅದಕ್ಕೆ ಹೆದರಿದವರು ಯಾರು ಎಂಬ ಸಂಗತಿಗಳಲ್ಲೇ ನಿಮ್ಮ ‘ಹೇಗೆ’ ಎಂಬ ಪ್ರಶ್ನೆಗೆ ಉತ್ತರವಿದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಆ ದಾರಿ ಆರಂಭದಲ್ಲಿ ಎಷ್ಟು ಇಕ್ಕಟ್ಟಾಗಿತ್ತೆಂಬುದಕ್ಕೆ ಫಿಲಿಸ್ ವೀಟ್ಲಿಯ ಬದುಕೇ ಸಾಕ್ಷಿ. ಆಕೆಯನ್ನು 1761ರಲ್ಲಿ, ಏಳೆಂಟು ವರ್ಷದ ಮಗುವಾಗಿದ್ದಾಗ, ಪಶ್ಚಿಮ ಆಫ್ರಿಕದಿಂದ ಗುಲಾಮರ ಹಡಗಿನಲ್ಲಿ ಬಾಸ್ಟನ್ನಿಗೆ ತಂದು ಮಾರಲಾಯಿತು. ಹನ್ನೆರಡು ವರ್ಷಗಳಲ್ಲಿ ಆಕೆಯ ಕವನಸಂಕಲನ ಸಿದ್ಧವಾಗಿತ್ತಾದರೂ ಬಾಸ್ಟನ್ನಿನಲ್ಲಿ ಅದನ್ನು ಪ್ರಕಟಿಸಲು ಬೇಕಾದಷ್ಟು ಚಂದಾದಾರರು ಸಿಗಲಿಲ್ಲ. ಪುಸ್ತಕ 1773ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಈ ಕವಿತೆಗಳನ್ನು ನಿಜಕ್ಕೂ ಈಕೆಯೇ ಬರೆದದ್ದೆಂದು ದೃಢೀಕರಿಸಿ ಗವರ್ನರ್ ಥಾಮಸ್ ಹಚಿನ್ಸನ್ ಮತ್ತು ಜಾನ್ ಹ್ಯಾನ್ಕಾಕ್ ಸೇರಿದಂತೆ 18 ಮಂದಿ ಬಿಳಿಯ ಗಣ್ಯರು ಸಹಿ ಮಾಡಿದ ಪ್ರಮಾಣಪತ್ರವನ್ನು ಪುಸ್ತಕದ ಮೊದಲಿಗೇ ಹಾಕಬೇಕಾಯಿತು. ಕಪ್ಪು ಜನರಿಗೆ ಬುದ್ಧಿಶಕ್ತಿಯೇ ಇಲ್ಲವೆಂದು ವಾದಿಸಿ ಗುಲಾಮಗಿರಿಯನ್ನು ಸಮರ್ಥಿಸುತ್ತಿದ್ದ ಕಾಲದಲ್ಲಿ ಆ ಪುಸ್ತಕದ ಇರವೇ ಒಂದು ಪ್ರತಿವಾದವಾಯಿತು. ಗುಲಾಮಗಿರಿಯ ವಿರೋಧಿಗಳು ಅದನ್ನು ಹಾಗೆಯೇ ಬಳಸಿದರು, ಮುಂದೆ ಅಮೆರಿಕದ ಅಧ್ಯಕ್ಷರಾದ ಥಾಮಸ್ ಜೆಫರ್ಸನ್ ಅದನ್ನು ಕಾವ್ಯವೆಂದು ಒಪ್ಪಲೇ ಇಲ್ಲ. ಪುಸ್ತಕ ಬಂದ ಮೇಲೆ ಆಕೆಗೆ ಬಿಡುಗಡೆ ಸಿಕ್ಕಿತು, ಆದರೆ ಎರಡನೆಯ ಸಂಕಲನಕ್ಕೆ ಪ್ರಕಾಶಕರು ಸಿಗಲಿಲ್ಲ. 1784ರಲ್ಲಿ ಬಡತನದಲ್ಲಿ ತೀರಿಕೊಂಡರು. ಕವಿತೆ ಇತ್ತು, ಅದನ್ನು ಹೊತ್ತು ನಡೆಯುವ ತನ್ನವರ ಸಂಸ್ಥೆ ಒಂದೂ ಇರಲಿಲ್ಲ.

ಮುಂದಿನ ಶತಮಾನದಲ್ಲಿ ಸಭೆಯ ವೇದಿಕೆ ಆ ಕೆಲಸ ಮಾಡಿತು. ಬಾಲ್ಟಿಮೋರಿನಲ್ಲಿ ಗುಲಾಮರಲ್ಲದ ಕಪ್ಪು ಕುಟುಂಬದಲ್ಲಿ 1825ರಲ್ಲಿ ಹುಟ್ಟಿದ ಫ್ರಾನ್ಸಿಸ್ ಎಲೆನ್ ವಾಟ್ಕಿನ್ಸ್ ಹಾರ್ಪರ್ 1854ರಿಂದ ಗುಲಾಮಗಿರಿ ವಿರೋಧಿ ಸಂಘಗಳ ಪರವಾಗಿ ಊರೂರು ಸುತ್ತಿ ಭಾಷಣ ಮಾಡುತ್ತ, ನಡುನಡುವೆ ತಮ್ಮ ಕವಿತೆಗಳನ್ನು ವಾಚಿಸುತ್ತ, ಪುಸ್ತಕ ಮಾರಿ ಬಂದ ಹಣದಲ್ಲಿ ಓಡಿಬಂದ ಗುಲಾಮರಿಗೆ ನೆರವಾಗುತ್ತ ಬದುಕಿದರು. ನನಗೆ ಸ್ಮಾರಕ ಬೇಡ, ಗುಲಾಮರಿರುವ ನೆಲದಲ್ಲಿ ಮಾತ್ರ ನನ್ನನ್ನು ಹೂಳಬೇಡಿ ಎಂದು ಕೇಳುವ ಅವರ 1858ರ ಕವಿತೆಯನ್ನು ನೋಡಿ: ನಾಲ್ಕು ಸಾಲಿನ ಸರಳ ಪದ್ಯಗಳು, ಕಿವಿಗೆ ಬಿದ್ದೊಡನೆ ಅರ್ಥವಾಗುವ ಪ್ರಾಸಗಳು. ವಿಮರ್ಶಕರು ಬಹಳ ಕಾಲ ಇದನ್ನು ಕುಶಲತೆಯ ಕೊರತೆ ಎಂದೇ ಭಾವಿಸಿದರು. ಓದುಬರಹ ಕಲಿಸುವುದನ್ನೇ ಅಪರಾಧವಾಗಿಸಿದ ಕಾನೂನುಗಳು ದಕ್ಷಿಣದ ಹಲವು ರಾಜ್ಯಗಳಲ್ಲಿ ಜಾರಿಯಲ್ಲಿದ್ದ ಕಾಲದಲ್ಲಿ, ಕೇಳಿ ನೆನಪಿಟ್ಟುಕೊಳ್ಳುವವರಿಗಾಗಿ ಒಬ್ಬ ಕವಿ ತಿಳಿದೂ ತಿಳಿದೂ ಆರಿಸಿಕೊಂಡ ರೀತಿ ಅದು ಎಂದು ನಾನು ತಿಳಿಯುತ್ತೇನೆ.

ಶಾಲೆ ಮತ್ತು ಚರ್ಚುಗಳ ಶಕ್ತಿ ಇನ್ನೊಂದು ಬಗೆಯದು. 1900ರ ಫೆಬ್ರುವರಿ 12ರಂದು, ಲಿಂಕನ್ನರ ಜನ್ಮದಿನದ ಕಾರ್ಯಕ್ರಮಕ್ಕಾಗಿ, ಫ್ಲಾರಿಡಾದ ಜಾಕ್ಸನ್‌ವಿಲ್ ಊರಿನ ಶಾಲಾ ಮುಖ್ಯೋಪಾಧ್ಯಾಯ ಜೇಮ್ಸ್ ವೆಲ್ಡನ್ ಜಾನ್ಸನ್ ‘ಲಿಫ್ಟ್ ಎವ್ರಿ ವಾಯ್ಸ್ ಅಂಡ್ ಸಿಂಗ್’ ಬರೆದರು. ಅವರ ತಮ್ಮ ರೋಸಮಂಡ್ ಅದಕ್ಕೆ ರಾಗ ಹಾಕಿದರು. 500 ಮಕ್ಕಳು ಹಾಡಿದರು. ಅಣ್ಣತಮ್ಮಂದಿರು ನ್ಯೂಯಾರ್ಕಿಗೆ ಹೋಗಿ ಅದನ್ನು ಮರೆತರೂ ಆ ಮಕ್ಕಳು ಮರೆಯಲಿಲ್ಲ. ಅವರಲ್ಲಿ ಕೆಲವರು ಬೆಳೆದು ಶಿಕ್ಷಕರಾಗಿ ತಮ್ಮ ವಿದ್ಯಾರ್ಥಿಗಳಿಗೆ ಕಲಿಸಿದರು, ಜನ ಅದರ ಪ್ರತಿ ಮಾಡಿ ಪ್ರಾರ್ಥನಾಗೀತೆಗಳ ಪುಸ್ತಕದ ಹಿಂಬದಿಗೆ ಅಂಟಿಸಿಕೊಂಡರು, ಇಪ್ಪತ್ತು ವರ್ಷದೊಳಗೆ ಅದು ದಕ್ಷಿಣದುದ್ದಕ್ಕೂ ಹರಡಿತು. 1919ರಲ್ಲಿ ಕಪ್ಪು ಜನರ ಹಕ್ಕುಗಳ ಪ್ರಮುಖ ಸಂಘಟನೆಯಾದ ಎನ್‌ಎಎಸಿಪಿ ಅದನ್ನು ತನ್ನ ಅಧಿಕೃತ ಗೀತೆಯಾಗಿ ಸ್ವೀಕರಿಸಿತು. ಯಾವ ಪ್ರಕಾಶಕರೂ ಪ್ರಚಾರ ಮಾಡದ ಈ ಹಾಡು ಒಂದು ಸಮುದಾಯದ ರಾಷ್ಟ್ರಗೀತೆಯ ಸ್ಥಾನಕ್ಕೆ ಏರಿದ್ದು ಶಿಕ್ಷಕಿಯರಿಂದ ಮತ್ತು ಭಾನುವಾರದ ಪ್ರಾರ್ಥನೆಯಿಂದ.

ಅದೇ 1919ರಲ್ಲಿ ಬಂದ ಇನ್ನೊಂದು ಕವಿತೆಯನ್ನು ಸ್ವಲ್ಪ ವಿವರವಾಗಿ ನೋಡೋಣ. ಮೊದಲ ಮಹಾಯುದ್ಧದಿಂದ ಮರಳಿದ ಕಪ್ಪು ಸೈನಿಕರ ಮೇಲೆಯೂ ಅವರ ಬಡಾವಣೆಗಳ ಮೇಲೆಯೂ ಆ ವರ್ಷ ಹತ್ತಾರು ಊರುಗಳಲ್ಲಿ ಬಿಳಿಯರ ಗುಂಪುಗಳು ದಾಳಿ ಮಾಡಿದವು. ಚಿಕಾಗೊ ನಗರವೊಂದರಲ್ಲೇ 38 ಜನ ಸತ್ತರು, ಅವರಲ್ಲಿ 23 ಮಂದಿ ಕಪ್ಪು ಜನ. ಆಗ ಜಮೈಕಾ ಮೂಲದ ಕ್ಲಾಡ್ ಮೆಕೆ ಪೆನ್ಸಿಲ್ವೇನಿಯ ರೈಲ್ವೆಯ ಊಟದ ಬೋಗಿಯಲ್ಲಿ ಸಪ್ಲೈಯರ್ ಆಗಿದ್ದರು. ಯಾವ ನಿಲ್ದಾಣದಲ್ಲಿ ಏನು ಕಾದಿದೆಯೋ ಎಂಬ ಭಯದಲ್ಲೇ ಆ ನೌಕರರು ಊರಿಂದೂರಿಗೆ ಹೋಗುತ್ತಿದ್ದರು. ಜುಲೈ ತಿಂಗಳ ‘ಲಿಬರೇಟರ್’ ಪತ್ರಿಕೆಯಲ್ಲಿ ಅವರ ‘ಇಫ್ ವಿ ಮಸ್ಟ್ ಡೈ’ ಪ್ರಕಟವಾಯಿತು. ಸಾಯಲೇಬೇಕಾದರೆ ಕೂಡಿಹಾಕಿ ಬೇಟೆಯಾಡಿದ ಹಂದಿಗಳಂತೆ ಸಾಯುವುದು ಬೇಡ, ಗೋಡೆಗೆ ಒತ್ತಿ ನಿಲ್ಲಿಸಿದರೂ ತಿರುಗಿ ಹೊಡೆಯುತ್ತಲೇ ಸಾಯೋಣ ಎಂಬುದು ಅದರ ಸಾರ. ತಾನು ತನ್ನ ಸಹೋದ್ಯೋಗಿಗಳಿಗೆ ಓದಿ ಹೇಳಿದ ಒಂದೇ ಕವಿತೆ ಇದು ಎಂದು ಮೆಕೆ ಆತ್ಮಕಥನದಲ್ಲಿ ಬರೆದಿದ್ದಾರೆ. ಆ ಬೋಗಿಯ ಕೆಲಸಗಾರರು ಕಲಕಿಹೋದರಂತೆ.

ಗಮನಿಸಬೇಕಾದದ್ದು ಆ ಕವಿತೆಯ ಬಂಧ. ಅದು ಶೇಕ್ಸ್‌ಪಿಯರ್ ಮಾದರಿಯ ಕಟ್ಟುನಿಟ್ಟಾದ ಸುನೀತ (ಸಾನೆಟ್), 14 ಸಾಲು, ಎಲ್ಲಿಯೂ ‘ಕಪ್ಪು’ ಎಂಬ ಮಾತಿಲ್ಲ, ‘ಬಿಳಿಯ’ ಎಂಬ ಮಾತೂ ಇಲ್ಲ. ಇಂಗ್ಲಿಷ್ ಕಾವ್ಯಪರಂಪರೆ ಅತ್ಯಂತ ಗೌರವದಿಂದ ಕಾಣುವ ರೂಪದಲ್ಲೇ ನಿಂತು, ದಾಳಿಗೊಳಗಾದವರೆಲ್ಲರ ಬಾಯಲ್ಲಿ ‘ನಾವು’ ಎಂದು ಹೇಳಿಸುವುದರಿಂದ ಅದನ್ನು ಯಾರು ಬೇಕಾದರೂ ತಮ್ಮದಾಗಿ ಮಾಡಿಕೊಳ್ಳಬಹುದಿತ್ತು. ಕಪ್ಪು ಜನರ ಪತ್ರಿಕೆಗಳು ಕೂಡಲೇ ಅದನ್ನು ಮರುಮುದ್ರಿಸಿದವು. ಅದೇ ವರ್ಷದ ಕೊನೆಯಲ್ಲಿ ಅಟಾರ್ನಿ ಜನರಲ್ ಮಿಚೆಲ್ ಪಾಮರ್ ಸೆನೆಟ್‌ಗೆ ಸಲ್ಲಿಸಿದ ವರದಿಯಲ್ಲಿ, ಕಪ್ಪು ಜನರ ನಡುವೆ ಬೆಳೆಯುತ್ತಿರುವ ದ್ರೋಹಭಾವನೆಗೆ ನಿದರ್ಶನವಾಗಿ, ಇದೇ ಸುನೀತ ಕಾಣಿಸಿಕೊಂಡಿತು. ಅರ್ಧ ಶತಮಾನದ ಬಳಿಕ, 1971ರ ಸೆಪ್ಟೆಂಬರ್‌ನಲ್ಲಿ, ನ್ಯೂಯಾರ್ಕ್ ರಾಜ್ಯದ ಆಟಿಕಾ ಸೆರೆಮನೆಯಲ್ಲಿ ಕೈದಿಗಳು ದಂಗೆಯೆದ್ದಾಗ ಅವರ ನಡುವೆ ಈ ಸಾಲುಗಳು ಕೈಯಿಂದ ಕೈಗೆ ಹರಿದಾಡುತ್ತಿದ್ದವು. ‘ಟೈಮ್’ ಪತ್ರಿಕೆ ಅವನ್ನು ಹೆಸರು ತಿಳಿಯದ ಕೈದಿಯೊಬ್ಬನ ಒರಟು ಬರಹವೆಂದು ಬಣ್ಣಿಸಿತು. ಅದು ಮೆಕೆಯ ಪ್ರಸಿದ್ಧ ಕವಿತೆ ಎಂದು ಪತ್ರ ಬರೆದು ತಿಳಿಸಿದವರು ಕವಿ ಗ್ವೆಂಡೊಲಿನ್ ಬ್ರೂಕ್ಸ್. ರಾಷ್ಟ್ರಮಟ್ಟದ ವಾರಪತ್ರಿಕೆಗೆ ಗುರುತು ಸಿಗದ ಕವಿತೆ ಸೆರೆಮನೆಯ ಕೋಣೆಗಳಿಗೆ ಗೊತ್ತಿತ್ತು. ಒಂದು ಕವಿತೆಯ ಪರಿಣಾಮವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ದಾಖಲೆ ನನಗೆ ಬೇರೆ ಕಂಡಿಲ್ಲ.

ಈಗ ಡೆಟ್ರಾಯ್ಟ್‌ಗೆ ಬರೋಣ, ಏಕೆಂದರೆ ನಿಮ್ಮ ಪ್ರಶ್ನೆಯ ತಿರುಳು ಅಲ್ಲಿದೆ. ಡಡ್ಲಿ ರ‍್ಯಾಂಡಲ್ ಎಂಬ ಕವಿ ಯೌವನದಲ್ಲಿ ಫೋರ್ಡ್ ಕಾರು ಕಾರ್ಖಾನೆಯ ಎರಕದ ಮನೆಯಲ್ಲಿ ಕೂಲಿ, ಆಮೇಲೆ ಅಂಚೆ ಇಲಾಖೆಯ ನೌಕರ, ಅನಂತರ ಗ್ರಂಥಪಾಲಕ. 1963ರ ಸೆಪ್ಟೆಂಬರ್ 15ರ ಭಾನುವಾರ ಅಲಬಾಮಾದ ಬರ್ಮಿಂಗ್‌ಹ್ಯಾಮ್ ನಗರದ 16ನೇ ಬೀದಿಯ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಬಿಳಿಯರ ಶ್ರೇಷ್ಠತೆಯನ್ನು ಸಾರುವ ಗುಪ್ತ ಸಂಘಟನೆ ಕು ಕ್ಲಕ್ಸ್ ಕ್ಲಾನ್‌ನವರು ಇಟ್ಟ ಬಾಂಬು ಸಿಡಿದು ನಾಲ್ವರು ಹುಡುಗಿಯರು ಸತ್ತರು. ಅದೇ ವರ್ಷದ ಮೇ ತಿಂಗಳಲ್ಲಿ ಆ ನಗರದ ಶಾಲಾಮಕ್ಕಳು ಮೆರವಣಿಗೆ ಹೊರಟಾಗ ಪೊಲೀಸರು ಅವರ ಮೇಲೆ ನಾಯಿಗಳನ್ನು ಬಿಟ್ಟಿದ್ದರು, ಅಗ್ನಿಶಾಮಕ ದಳದ ಕೊಳವೆಗಳಿಂದ ನೀರು ಹಾಯಿಸಿದ್ದರು. ಈ ಎರಡನ್ನೂ ಸೇರಿಸಿ ರ‍್ಯಾಂಡಲ್ ‘ಬ್ಯಾಲಡ್ ಆಫ್ ಬರ್ಮಿಂಗ್‌ಹ್ಯಾಮ್’ ಎಂಬ ಲಾವಣಿ ಬರೆದರು. ಮಗಳು ಆಟ ಬೇಡ, ಮೆರವಣಿಗೆಗೆ ಹೋಗುತ್ತೇನೆ ಎನ್ನುತ್ತಾಳೆ. ನಾಯಿಗಳಿವೆ, ಲಾಠಿಗಳಿವೆ, ಬೇಡ ಮಗಳೇ, ಚರ್ಚಿಗೆ ಹೋಗಿ ಮಕ್ಕಳ ಮೇಳದಲ್ಲಿ ಹಾಡು ಎಂದು ತಾಯಿ ಹೇಳುತ್ತಾಳೆ. ತಲೆ ಬಾಚಿ, ಸ್ನಾನ ಮಾಡಿಸಿ, ಬಿಳಿಯ ಕೈಗವಸು, ಬಿಳಿಯ ಚಪ್ಪಲಿ ತೊಡಿಸಿ, ದೇವರ ಮನೆಯಲ್ಲಿ ಮಗು ಸುರಕ್ಷಿತವಾಗಿರುತ್ತದೆಂದು ನಂಬಿ ಕಳಿಸುತ್ತಾಳೆ. ಸ್ಫೋಟದ ಸದ್ದು ಕೇಳಿ ಓಡಿಬಂದ ತಾಯಿಗೆ ಇಟ್ಟಿಗೆ, ಗಾಜುಗಳ ನಡುವೆ ಸಿಗುವುದು ಒಂದು ಚಪ್ಪಲಿ ಮಾತ್ರ.

ಶತಮಾನಗಳಿಂದ ಜನರ ಬಾಯಲ್ಲಿದ್ದ, ಪ್ರಶ್ನೆ ಮತ್ತು ಉತ್ತರಗಳಲ್ಲಿ ಸಾಗುವ ಲಾವಣಿಯ ಧಾಟಿಯೇ ಇಲ್ಲಿ ಕವಿತೆಯ ನೈತಿಕ ವಾದವನ್ನು ಹೊತ್ತಿದೆ. ಹೋರಾಟದಿಂದ ದೂರ ಇದ್ದರೆ ಸುರಕ್ಷಿತ ಎಂಬುದು ಎಲ್ಲ ತಾಯಂದಿರೂ ನಂಬಬಯಸುವ ಮಾತು. ಆ ಮಾತು ಎಷ್ಟು ಪೊಳ್ಳು ಎಂಬುದನ್ನು ಕವಿ ಒಂದು ಸಾಲಿನಲ್ಲೂ ಉಪದೇಶವಾಗಿ ಹೇಳುವುದಿಲ್ಲ, ತಾಯಿಯನ್ನು ದೂರುವುದೂ ಇಲ್ಲ. ಗಾಯಕರೊಬ್ಬರು ಇದಕ್ಕೆ ರಾಗ ಹಾಕಲು ಬಯಸಿದಾಗ ಹಕ್ಕುಸ್ವಾಮ್ಯವನ್ನು ಉಳಿಸಿಕೊಳ್ಳಲೆಂದು ರ‍್ಯಾಂಡಲ್ 1965ರಲ್ಲಿ ಕವಿತೆಯನ್ನು ಬಿಡಿಹಾಳೆಯಾಗಿ ಅಚ್ಚು ಹಾಕಿಸಿದರು. ಬ್ರಾಡ್‌ಸೈಡ್ (ಅಂದರೆ ಬಿಡಿಹಾಳೆ) ಪ್ರೆಸ್ ಎಂಬ ಪ್ರಕಾಶನ ಹುಟ್ಟಿದ್ದು ಹಾಗೆ, ತಮ್ಮ ಸಂಬಳದ ಹಣದಿಂದ, ತಮ್ಮ ಮನೆಯಿಂದಲೇ. ಕಪ್ಪು ಜನರ ನಾಯಕ ಮಾಲ್ಕಮ್ ಎಕ್ಸ್ ಕುರಿತ ಕವಿತೆಗಳ ಸಂಕಲನ, ಸೆರೆಮನೆಯಲ್ಲಿದ್ದ ಎಥರಿಜ್ ನೈಟ್ ಅವರ ಮೊದಲ ಪುಸ್ತಕ, ಸೋನಿಯಾ ಸ್ಯಾಂಚೆಜ್, ಡಾನ್ ಎಲ್. ಲೀ, ಆಡ್ರಿ ಲಾರ್ಡ್ ಅವರ ಪುಸ್ತಕಗಳು ಅಲ್ಲಿಂದ ಬಂದವು. ಬಿಡಿಹಾಳೆಯನ್ನು ಗೋಡೆಗೆ ಅಂಟಿಸಬಹುದಿತ್ತು, ಜೇಬಿನಲ್ಲಿಟ್ಟುಕೊಂಡು ಹೋಗಬಹುದಿತ್ತು, ದಪ್ಪ ಪುಸ್ತಕ ಕೊಳ್ಳಲಾಗದವರೂ ಕೊಳ್ಳಬಹುದಿತ್ತು.

ಆಟಿಕಾದ ಕವಿತೆಯ ಬಗ್ಗೆ ‘ಟೈಮ್’ಗೆ ಪತ್ರ ಬರೆದ ಗ್ವೆಂಡೊಲಿನ್ ಬ್ರೂಕ್ಸ್ ಅವರ ಬದುಕನ್ನೂ ಇದೇ ಪ್ರೆಸ್ಸು ತಿರುಗಿಸಿತು. 1950ರಲ್ಲಿ ಪುಲಿಟ್ಜರ್ ಪ್ರಶಸ್ತಿ ಪಡೆದ ಮೊದಲ ಕಪ್ಪು ಲೇಖಕಿ ಅವರು. ನ್ಯೂಯಾರ್ಕಿನ ದೊಡ್ಡ ಪ್ರಕಾಶನ ಸಂಸ್ಥೆ ಅವರ ಪುಸ್ತಕಗಳನ್ನು ತರುತ್ತಿತ್ತು. 1967ರಲ್ಲಿ ನ್ಯಾಶ್‌ವಿಲ್‌ನ ಫಿಸ್ಕ್ ವಿಶ್ವವಿದ್ಯಾಲಯದ ಕಪ್ಪು ಲೇಖಕರ ಸಮ್ಮೇಳನದಲ್ಲಿ ತರುಣ ಕವಿಗಳನ್ನು ಕಂಡ ಮೇಲೆ, ತನ್ನ ಓದುಗರು ಯಾರಾಗಬೇಕೆಂಬ ಪ್ರಶ್ನೆಯನ್ನು ಐವತ್ತರ ವಯಸ್ಸಿನಲ್ಲಿ ಅವರು ಹೊಸದಾಗಿ ಎತ್ತಿಕೊಂಡರು. ಚಿಕಾಗೊದ ಬೀದಿಗುಂಪಿನ ಹುಡುಗರಿಗೆ ಕಾವ್ಯ ಕಮ್ಮಟ ನಡೆಸಿದರು, ಅದೇ ವರ್ಷದ ಆಗಸ್ಟ್‌ನಲ್ಲಿ ದಕ್ಷಿಣ ಚಿಕಾಗೊದ ಕಟ್ಟಡವೊಂದರ ಮೇಲೆ ಕಪ್ಪು ನಾಯಕರ ಭಿತ್ತಿಚಿತ್ರವನ್ನು ಅನಾವರಣ ಮಾಡುವಾಗ ಬೀದಿಯಲ್ಲೇ ನಿಂತು ಕವಿತೆ ಓದಿದರು, 1969ರಲ್ಲಿ ‘ರಯಟ್’ ಎಂಬ ಪುಸ್ತಕವನ್ನು ರ‍್ಯಾಂಡಲ್‌ಗೆ ಕೊಟ್ಟರು. ಆ ಬಳಿಕ ಹಳೆಯ ಪ್ರಕಾಶಕರನ್ನೇ ಬಿಟ್ಟರು. ಹಣದ ಲೆಕ್ಕದಲ್ಲಿ ಇದು ನಷ್ಟ. ಆದರೆ ವೀಟ್ಲಿಗೆ 18 ಗಣ್ಯರ ಸಹಿ ಬೇಕಾಗಿದ್ದ ದೇಶದಲ್ಲಿ, ಯಾರ ಸಹಿಯೂ ಬೇಡದ ಪ್ರೆಸ್ಸೊಂದನ್ನು ಗಟ್ಟಿಗೊಳಿಸುವುದೇ ಒಂದು ರಾಜಕೀಯ ಕಾರ್ಯ ಎಂದು ಅವರು ಬಗೆದದ್ದು ಸರಿಯೇ ಎಂದು ನಾನು ನಂಬುತ್ತೇನೆ.

ಪ್ರಭುತ್ವಕ್ಕೂ ಕಾವ್ಯದ ಬಲ ತಿಳಿದಿತ್ತು. 1967ರ ಜುಲೈನಲ್ಲಿ ನ್ಯೂವಾರ್ಕ್ ನಗರ ಹೊತ್ತಿ ಉರಿದಾಗ ಪೊಲೀಸರು ಕವಿ ಲೆರಾಯ್ ಜೋನ್ಸ್ ಅವರನ್ನು, ಅಂದರೆ ಮುಂದೆ ಅಮೀರಿ ಬರಾಕಾ ಎಂದು ಹೆಸರಾದವರನ್ನು, ಬಂದೂಕು ಇಟ್ಟುಕೊಂಡಿದ್ದರೆಂದು ಬಂಧಿಸಿ ತೀವ್ರವಾಗಿ ಹೊಡೆದರು. 1968ರ ಜನವರಿಯಲ್ಲಿ ಶಿಕ್ಷೆ ವಿಧಿಸುವಾಗ ನ್ಯಾಯಾಧೀಶರು ಬರಾಕಾ ಅವರ ಒಂದು ಕವಿತೆಯನ್ನು ನ್ಯಾಯಾಲಯದಲ್ಲಿ ಓದಿ, ಅದನ್ನೇ ಕಠಿಣ ಶಿಕ್ಷೆಗೆ ಆಧಾರವೆಂಬಂತೆ ಮಂಡಿಸಿದರು. ಮೇಲ್ಮನವಿಯಲ್ಲಿ ಆ ತೀರ್ಪು ಬಿದ್ದುಹೋಯಿತು. ಆದರೆ ಬರಾಕಾ ಅವರನ್ನು ನಾನು ಇಲ್ಲಿ ವೀರರನ್ನಾಗಿ ಮಾತ್ರ ನಿಲ್ಲಿಸಲಾರೆ. ಮಾಲ್ಕಮ್ ಎಕ್ಸ್ ಕೊಲೆಯಾದ ಬಳಿಕ, 1965ರಲ್ಲಿ, ಅವರು ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಕಟ್ಟಿದ ರಂಗಶಾಲೆ, ಕಲೆಯನ್ನು ಕಪ್ಪು ಜನರ ಹೋರಾಟದ ಭಾಗವಾಗಿ ಕಂಡ ‘ಕಪ್ಪು ಕಲಾ ಚಳವಳಿ’ಗೆ ನಾಂದಿಯಾಯಿತು ಎಂಬುದು ನಿಜ. ಆ ಕಾಲದ ಅವರ ಕವಿತೆಗಳಲ್ಲಿ ಯಹೂದಿಗಳ, ಹೆಂಗಸರ, ಸಲಿಂಗಿಗಳ ಬಗ್ಗೆ ಇರುವ ದ್ವೇಷದ ಮಾತುಗಳೂ ಅಷ್ಟೇ ನಿಜ. ‘ನಾವು’ ಎಂದು ಕಟ್ಟುವ ಕಾವ್ಯ ಯಾರನ್ನು ಹೊರಗಿಟ್ಟು ಕಟ್ಟುತ್ತದೆ ಎಂದು ಕೇಳದೆ ಈ ಅಧ್ಯಯನ ಪೂರ್ಣವಾಗುವುದಿಲ್ಲ.

ಆ ಪ್ರಶ್ನೆಯನ್ನು ಒಳಗಿನಿಂದಲೇ ಎತ್ತಿದವರು ಆಡ್ರಿ ಲಾರ್ಡ್. 1973ರಲ್ಲಿ ಬ್ರಾಡ್‌ಸೈಡ್ ಪ್ರೆಸ್ ಅವರ ಪುಸ್ತಕವನ್ನು ತಂದಾಗ, ಹೆಣ್ಣೊಬ್ಬಳು ಹೆಣ್ಣನ್ನು ಪ್ರೀತಿಸುವ ಅವರ ಪ್ರೇಮಕವಿತೆ ಅದರಲ್ಲಿ ಸೇರಲಿಲ್ಲ. ರ‍್ಯಾಂಡಲ್‌ರಂಥ ಉದಾರ ಸಂಪಾದಕರಿಗೂ ಅದು ಅರಗಲಿಲ್ಲ. ಲಾರ್ಡ್ ಅದನ್ನು ಸಭೆಯಲ್ಲಿ ಓದಿದರು, ತಾವು ಪಾಠ ಹೇಳುತ್ತಿದ್ದ ವಿಭಾಗದ ಗೋಡೆಗೆ ಅಂಟಿಸಿದರು. ಮುಂದೆ 1980ರಲ್ಲಿ ಬಾರ್ಬರಾ ಸ್ಮಿತ್ ಮತ್ತು ಇತರ ಗೆಳತಿಯರೊಡನೆ ಸೇರಿ ‘ಕಿಚನ್ ಟೇಬಲ್’ ಎಂಬ ತಮ್ಮದೇ ಪ್ರಕಾಶನವನ್ನು ಆರಂಭಿಸಿದರು.

ಕವಿತೆ ಮತ್ತು ಘೋಷಣೆಯ ಬಗ್ಗೆ ನೀವು ಕೇಳಿದ ಪ್ರಶ್ನೆಗೂ ಲಾರ್ಡ್ ಅವರ ‘ಪವರ್’ ಕವಿತೆಯನ್ನೇ ಮುಂದಿಡುತ್ತೇನೆ. 1973ರಲ್ಲಿ ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಪೊಲೀಸನೊಬ್ಬ ಕ್ಲಿಫರ್ಡ್ ಗ್ಲೋವರ್ ಎಂಬ 10 ವರ್ಷದ ಹುಡುಗನನ್ನು ಗುಂಡಿಟ್ಟು ಕೊಂದ. ಮರುವರ್ಷ 11 ಬಿಳಿಯ ಗಂಡಸರು ಮತ್ತು ಒಬ್ಬ ಕಪ್ಪು ಹೆಂಗಸಿದ್ದ ಜ್ಯೂರಿ ಅವನನ್ನು ಖುಲಾಸೆ ಮಾಡಿತು. ಕಾರಿನ ರೇಡಿಯೋದಲ್ಲಿ ಸುದ್ದಿ ಕೇಳಿದ ಲಾರ್ಡ್ ಮುಂದೆ ಓಡಿಸಲಾರದೆ ಬದಿಗೆ ನಿಲ್ಲಿಸಿ ಬರೆಯತೊಡಗಿದರು. ಘೋಷಣೆಗೆ ಇಲ್ಲಿ ಬೇಕಾದ ಶತ್ರು ಸಿದ್ಧನಾಗಿಯೇ ಇದ್ದ. ಆದರೆ ಕವಿತೆ ಆ ಪೊಲೀಸನಲ್ಲಿ ನಿಲ್ಲದೆ, 11 ಗಂಡಸರ ನಡುವೆ ಒತ್ತಡಕ್ಕೆ ಮಣಿದ ಆ ಒಬ್ಬ ಹೆಂಗಸಿನ ಕಡೆ ತಿರುಗುತ್ತದೆ. ಕೊನೆಗೆ ತನ್ನೊಳಗೇ ಕೊಳೆತು ವಿಷವಾಗಬಹುದಾದ ಸಿಟ್ಟಿನ ಕಡೆಗೂ, ಆ ಸಿಟ್ಟು ಯಾರೋ ಅಸಹಾಯಕ ಮುದುಕಿಯ ಮೇಲೆ ಎರಗೀತು ಎಂಬ ಭಯದ ಕಡೆಗೂ ತಿರುಗುತ್ತದೆ. ನಮಗೆ ಮೊದಲೇ ಗೊತ್ತಿದ್ದುದನ್ನು ಗಟ್ಟಿಯಾಗಿ ಹೇಳಿಸುವುದು ಘೋಷಣೆ. ಮೆರವಣಿಗೆಗೆ ಅದು ಬೇಕೇ ಬೇಕು, ಅದನ್ನು ನಾನು ಕೀಳಾಗಿ ಕಾಣುವುದಿಲ್ಲ. ನಮ್ಮ ಪಕ್ಷದಲ್ಲೇ ನಿಂತು ನಮಗೆ ಬೇಡವಾದ ಸತ್ಯವನ್ನೂ ಕೇಳಿಸುವ ಧೈರ್ಯ ಒಂದು ಬರಹಕ್ಕೆ ಇದ್ದರೆ ಅದನ್ನು ಕವಿತೆ ಎಂದು ಗುರುತಿಸಿ.

ಕವಿತೆ ಹೋರಾಟದ ನೇರ ಸಾಧನವಾದ ಉದಾಹರಣೆಯೂ ಬೇಕೆಂದರೆ ಇಂಗ್ಲೆಂಡಿಗೆ ಹೋಗಬೇಕು. ಜಮೈಕಾದಿಂದ 1963ರಲ್ಲಿ ಬಾಲಕನಾಗಿ ಲಂಡನ್ನಿಗೆ ಬಂದ ಲಿಂಟನ್ ಕ್ವೇಸಿ ಜಾನ್ಸನ್ ತನ್ನವರ ಆಡುಮಾತಿನಲ್ಲಿ, ಉಚ್ಚಾರಣೆ ಹೇಗಿದೆಯೋ ಹಾಗೆಯೇ ಬರೆದರು. ಬ್ರಾಡ್‌ಫರ್ಡ್‌ನ ಕಪ್ಪು ಕಾರ್ಮಿಕ ಜಾರ್ಜ್ ಲಿಂಡೊ ಮಾಡದ ದರೋಡೆಗಾಗಿ 1978ರಲ್ಲಿ ಜೈಲು ಸೇರಿದಾಗ, ಆತನ ಬಿಡುಗಡೆಗೆ ಒತ್ತಾಯಿಸಿ ನಡೆದ ಚಳವಳಿಗಾಗಿಯೇ ಜಾನ್ಸನ್ ಒಂದು ಕವಿತೆ ಬರೆದು ಧ್ವನಿವರ್ಧಕ ಹಿಡಿದು ಬೀದಿಯಲ್ಲಿ ಓದಿದರು. ಅದೇ ವರ್ಷ ರೆಗೆ ಸಂಗೀತದೊಡನೆ ಅದು ಧ್ವನಿಮುದ್ರಿಕೆಯಾಗಿ ಹೊರಬಂದು ಸಂಗತಿಯನ್ನು ದೂರದೂರಕ್ಕೆ ಒಯ್ದಿತು. ಮುಂದೆ ಲಿಂಡೊ ಅವರ ಶಿಕ್ಷೆ ರದ್ದಾಯಿತು. ಅದನ್ನು ಗೆದ್ದದ್ದು ಸಂಘಟನೆ ಮತ್ತು ವಕೀಲರು. ಆ ಹೆಸರನ್ನು ಜನರ ಕಿವಿಯಲ್ಲಿ ಉಳಿಸಿದ ಕೆಲಸದಲ್ಲಿ ಕವಿತೆಗೆ ದೊಡ್ಡ ಪಾಲಿತ್ತು.

ನಮ್ಮ ದಲಿತ ಕಾವ್ಯದೊಂದಿಗಿನ ಸಂಬಂಧ ಖಚಿತವಾಗಿ ಹೇಳಬಹುದಾದಷ್ಟು ಇದೆ. 1972ರಲ್ಲಿ ಮುಂಬಯಿಯಲ್ಲಿ ನಾಮದೇವ ಢಸಾಳ ಮತ್ತು ಜೊತೆಗಾರರು ಕಟ್ಟಿದ ದಲಿತ ಪ್ಯಾಂಥರ್ಸ್ ತನ್ನ ಹೆಸರನ್ನೇ ಅಮೆರಿಕದ ಬ್ಲ್ಯಾಕ್ ಪ್ಯಾಂಥರ್ ಪಕ್ಷದಿಂದ ಪಡೆಯಿತು, ಅದರ ಮುಂದಾಳುಗಳು ಕವಿಗಳೇ ಆಗಿದ್ದರು. ಆದರೆ ಕನ್ನಡದ ದಲಿತ ಕಾವ್ಯವನ್ನು ಅಮೆರಿಕದ ಪ್ರಭಾವ ಎಂದು ಬರೆದರೆ ತಪ್ಪಾಗುತ್ತದೆ. 1973ರಲ್ಲಿ ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಎಂದ ಸಚಿವ ಬಿ. ಬಸವಲಿಂಗಪ್ಪನವರ ಮಾತಿನ ಸುತ್ತ ಎದ್ದ ಸಂಘರ್ಷ, ದಲಿತ ಸಂಘರ್ಷ ಸಮಿತಿಯ ಸಂಘಟನೆ, ಅಂಬೇಡ್ಕರ್ ವಿಚಾರ, ಹಟ್ಟಿಗಳ ಹಾಡಿನ ಪರಂಪರೆ ಅದರ ಬೇರುಗಳು. ಹೋಲಿಕೆ ಇರುವುದು ದಾರಿಯಲ್ಲಿ: 1975ರ ‘ಹೊಲೆಮಾದಿಗರ ಹಾಡು’ ಸಂಕಲನದ ಸಿದ್ಧಲಿಂಗಯ್ಯನವರ ಪದಗಳನ್ನು, ಪುಸ್ತಕವನ್ನೇ ಕಾಣದ ಸಾವಿರಾರು ಜನ ಜಾಥಾಗಳಲ್ಲಿ ತಮಟೆಯ ಜೊತೆ ಹಾಡಿಯೇ ಕಲಿತರು.

ನಿಮ್ಮ ಪ್ರಬಂಧಕ್ಕೆ ಇಡೀ ಪರಂಪರೆಯನ್ನು ಎತ್ತಿಕೊಳ್ಳಬೇಡಿ. ರ‍್ಯಾಂಡಲ್‌ರ ಲಾವಣಿಯೊಂದನ್ನೇ ತೆಗೆದುಕೊಂಡು ಅದು ಹಾಡಾಗಿ, ಬಿಡಿಹಾಳೆಯಾಗಿ, ಸಂಕಲನದ ಪುಟವಾಗಿ, ಶಾಲಾ ಪಠ್ಯವಾಗಿ ಸಾಗಿದ ಹಾದಿಯನ್ನು ವರ್ಷವಾರು ಬರೆದುಕೊಳ್ಳಿ. ಅದರ ಪಕ್ಕದಲ್ಲೇ ಮೊಕದ್ದಮೆಯ ವರ್ಷಗಳನ್ನೂ ಇಡಿ. ಬಾಂಬಿಟ್ಟವರಲ್ಲಿ ಮೊದಲನೆಯವನಿಗೆ ಕೊಲೆಯ ಶಿಕ್ಷೆಯಾದದ್ದು 1977ರಲ್ಲಿ, ಇನ್ನಿಬ್ಬರಿಗೆ 2001 ಮತ್ತು 2002ರಲ್ಲಿ. ನ್ಯಾಯಾಲಯ ಸುಮ್ಮನಿದ್ದ ಆ ದೀರ್ಘಕಾಲದಲ್ಲಿ ಯಾವ ತರಗತಿಗಳಲ್ಲಿ, ಯಾವ ಸಭೆಗಳಲ್ಲಿ, ಯಾರು ಈ ಕವಿತೆಯನ್ನು ಓದುತ್ತಿದ್ದರು ಎಂದು ಹುಡುಕಲು ಆರಂಭಿಸಿ.